ವಾಸಿಯಾದ ಮೇಲಿನ ಭಯ

ಉಡಿಗಾಲದಂಥ ಹಳ್ಳಿಯಿಂದ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದವರಿಗೆ ನೆಂಟರಿಷ್ಟರು ಹೇಳುವ ಮಾತು ಒಂದೇ: ‘ಎಲ್ಲಾ ಮುಗೀತಲ್ಲ, ಧೈರ್ಯವಾಗಿರು.’ ಮುಗಿದಿರುವುದು ಕಿಮೋ, ರೇಡಿಯೇಷನ್. ಮೊದಲ ಕೆಲವು ವರ್ಷ ಮೂರೋ ಆರೋ ತಿಂಗಳಿಗೊಮ್ಮೆ ಚೆಕಪ್ ಇದ್ದೇ ಇದೆ. ಸ್ತನ ಕ್ಯಾನ್ಸರ್ ಆದ ಎಷ್ಟೋ ಹೆಂಗಸರು ಐದು ವರ್ಷವಾದರೂ ಹಾರ್ಮೋನ್ ಮಾತ್ರೆ ನುಂಗಬೇಕು. ಕಂಕುಳಿನ ಗ್ರಂಥಿ ತೆಗೆದಿದ್ದರೆ ಕೈ ಊದಿಕೊಳ್ಳಬಹುದು. ಅರಿಶಿನ ಕೀಳಲು ಕೂಲಿಗೆ ಹೋಗುವವಳಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಸೊಂಟ ಹಿಡಿದರೂ ಸಾಕು, ‘ಮತ್ತೆ ಬಂತೇನೋ’ ಎಂದು ರಾತ್ರಿ ನಿದ್ದೆ ಹಾರುತ್ತದೆ.

ಈ ಭಯಕ್ಕೆ ಆಧಾರವಿದೆ, ರೋಗ ಮರುಕಳಿಸುವುದುಂಟು. ಹಾಗಾಗಿ ಬುದ್ಧಿಮಾತು ಹೇಳಿ ಇದನ್ನು ಓಡಿಸಲಾಗದು. ಮೈಂಡ್‌ಫುಲ್‌ನೆಸ್ ಎಂಬ ಸಾವಧಾನದ ಅಭ್ಯಾಸಕ್ಕೆ ಬೆಲೆ ಬರುವುದು ಇಲ್ಲೇ. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್, ಬೌದ್ಧ ಧ್ಯಾನದಿಂದ ಪಡೆದದ್ದನ್ನು ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಕೆಲವು ವಾರಗಳ ತರಬೇತಿಯಾಗಿಸಿದರು. ಕ್ಯಾನ್ಸರ್ ಚಿಕಿತ್ಸೆಯ ವೇಳೆ ಮತ್ತು ನಂತರದ ಆತಂಕ, ಖಿನ್ನತೆಗೆ ಅಲ್ಲಿನ ಕ್ಯಾನ್ಸರ್ ತಜ್ಞರ ಸಂಘಗಳು 2023ರಲ್ಲಿ ಇದನ್ನು ಶಿಫಾರಸು ಮಾಡಿವೆ. ಅಭ್ಯಾಸ ಸರಳ: ಉಸಿರನ್ನು ಗಮನಿಸುವುದು, ಭಯ ಬಂದಾಗ ‘ಭಯ ಬಂದಿದೆ’ ಎಂದು ಗುರುತಿಸಿ ಅದರೊಡನೆ ಗುದ್ದಾಡದಿರುವುದು. ‘ಧೈರ್ಯವಾಗಿರು’ ಎಂಬ ಉಪದೇಶ ಬಾಯಿ ಮುಚ್ಚಿಸುತ್ತದೆ; ಇದು ಹೆದರಲು ಅನುಮತಿ ಕೊಡುತ್ತದೆ.

ಆದರೆ ಇದನ್ನು ಮಂತ್ರದಂಡ ಮಾಡುವವರ ಬಗ್ಗೆ ನನಗೆ ಸಿಟ್ಟಿದೆ. ಮನಸ್ಸು ಶಾಂತವಾಗಿದ್ದರೆ ಗಂಟು ಮತ್ತೆ ಬರದು ಎನ್ನುವುದು ಸುಳ್ಳು, ಕ್ರೂರ ಕೂಡ. ನಾಳೆ ರೋಗ ಮರಳಿದರೆ ತಪ್ಪೆಲ್ಲ ರೋಗಿಯ ತಲೆಗೇ. ಕಣ್ಣು ಮುಚ್ಚಿದ ಕೂಡಲೇ ಗಮನ ಆಪರೇಷನ್ ಗಾಯಕ್ಕೆ ಹೋಗಿ ಎದೆ ಡವಡವ ಎನ್ನುವವರೂ ಇದ್ದಾರೆ. ಅಂಥವರು ಕಣ್ಣು ತೆರೆದೇ ಇರಲಿ, ನೆಲಕ್ಕೆ ಊರಿದ ಪಾದವನ್ನೋ ಹೊರಗಿನ ಸದ್ದನ್ನೋ ಗಮನಿಸಲಿ. ಆಸ್ಪತ್ರೆಗೆ ಹೋಗುವ ಬಸ್ ಚಾರ್ಜು, ತಪ್ಪಿದ ಕೂಲಿ, ಸಾಲದ ಬಡ್ಡಿ ಇವಕ್ಕೆ ಧ್ಯಾನದಲ್ಲಿ ಉತ್ತರವಿಲ್ಲ. ಮನೆಯವರು ಚೆಕಪ್‌ಗೆ ಜೊತೆಯಲ್ಲಿ ಹೋಗಬೇಕು, ಕೆಲಸ ಹಂಚಿಕೊಳ್ಳಬೇಕು, ಕಾಯಿಲೆಯ ಹೆಸರೆತ್ತಲು ಹಿಂಜರಿಯಬಾರದು.

ನಿದ್ದೆಯಿಲ್ಲದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ ಅಭ್ಯಾಸವೊಂದನ್ನೇ ನೆಚ್ಚಿ ಕೂರಬೇಡಿ, ಚಿಕಿತ್ಸೆ ಕೊಟ್ಟ ವೈದ್ಯರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.