ನೋವು ನುಂಗುವುದಷ್ಟೇ ಸಬ್ರ್ ಅಲ್ಲ

ನಮ್ಮ ನೆರೆಯ ಸಹೋದರಿಯೊಬ್ಬರು ಎರಡು ವರ್ಷಗಳಿಂದ ಕುರ್ಚಿಯಲ್ಲಿ ಕುಳಿತೇ ನಮಾಝ್ ಮಾಡುತ್ತಿದ್ದರು. ವಯಸ್ಸು 42. ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತದೆ, ನೀರಿನ ಕೊಡ ಎತ್ತಲಾಗದು. ಒಮ್ಮೆ ಮೆಲ್ಲನೆ ಹೇಳಿದರು: "ಡಾಕ್ಟರರು ಫಿಸಿಯೋಥೆರಪಿಗೆ ಬರೆದುಕೊಟ್ಟಿದ್ದಾರೆ ಟೀಚರ್. ಆದರೆ ಅಲ್ಲಿ ಮೈಮುಟ್ಟಿ ಒತ್ತುತ್ತಾರಂತೆ. ಹೇಗೆ ಹೋಗಲಿ? ಸಬ್ರ್ ಮಾಡುತ್ತೇನೆ."

ಸಬ್ರ್ ಎಂದರೆ ಮದ್ದಿದ್ದೂ ನರಳುವುದಲ್ಲ. ಚಿಕಿತ್ಸೆ ಪಡೆಯಿರಿ, ಪ್ರತಿ ರೋಗಕ್ಕೂ ಅಲ್ಲಾಹನು ಶಮನವನ್ನು ಇರಿಸಿದ್ದಾನೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ನಮ್ಮ ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ. ನಿಲ್ಲಲಾಗದವರಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿ ಇದೆ, ನಿಜ. ಆದರೆ ಆ ರಿಯಾಯಿತಿ ಕಾಯಿಲೆಯನ್ನು ಹಾಗೆಯೇ ಬಿಟ್ಟುಬಿಡಲು ನೆಪವಾಗಬಾರದು. ಮಹಿಳಾ ಚಿಕಿತ್ಸಕಿಯನ್ನು ಮೊದಲು ಹುಡುಕೋಣ. ಸಿಗದಿದ್ದಾಗ ಅಗತ್ಯವಿರುವಷ್ಟರ ಮಟ್ಟಿಗೆ ಪುರುಷ ವೈದ್ಯರಿಗೆ ತೋರಿಸಲು ವಿದ್ವಾಂಸರು ಅನುಮತಿ ನೀಡಿದ್ದಾರೆ.

ಕೈಯಿಂದ ಮಾಡುವ ಚಿಕಿತ್ಸೆ ನಮಗೆ ಹೊಸತೂ ಅಲ್ಲ. ಇಬ್ನು ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ 'ದಲ್ಕ್' ಅಂದರೆ ಅಂಗಮರ್ದನದ ಬಗ್ಗೆ ಬರೆದಿದ್ದಾರೆ. ಗಟ್ಟಿಯಾಗಿ ಉಜ್ಜಿದರೆ ಮೈ ಬಿಗಿಯಾಗುತ್ತದೆ, ಮೃದುವಾಗಿ ಉಜ್ಜಿದರೆ ಸಡಿಲವಾಗುತ್ತದೆ ಎಂಬುದು ಅವರ ವಿವರಣೆ. ಯುನಾನಿ ವೈದ್ಯದಲ್ಲಿ ಇದು ಇಂದಿಗೂ ಇದೆ. ಸ್ನಾಯುಗಳನ್ನು ಸುತ್ತಿರುವ ಪೊರೆಯನ್ನು ಒತ್ತಿ ಸಡಿಲಿಸಿ, ಮೈಯ ನಿಲುವನ್ನು ತಿದ್ದುವ ಹತ್ತು ಸರದಿಗಳ ಕ್ರಮವೊಂದನ್ನು ಅಮೆರಿಕದ ಐಡಾ ರಾಲ್ಫ್ (1896-1979) ಎಂಬ ಮಹಿಳೆ ರೂಪಿಸಿದರು. ನಮ್ಮ ಊರುಗಳಲ್ಲಿ ಸಿಗುವುದು ಹೆಚ್ಚಾಗಿ ಫಿಸಿಯೋಥೆರಪಿಸ್ಟರ ಕೈಚಿಕಿತ್ಸೆ.

ಅಲ್ಲಿ ಏನು ನಡೆಯುತ್ತದೆ? ಮೊದಲ ದಿನ ಒತ್ತುವುದಕ್ಕಿಂತ ವಿಚಾರಿಸುವುದೇ ಹೆಚ್ಚು. ನೋವು ಯಾವಾಗ ಶುರುವಾಯಿತು, ಯಾವ ಕೆಲಸದಲ್ಲಿ ಹೆಚ್ಚುತ್ತದೆ ಎಂದು ಕೇಳುತ್ತಾರೆ. ಸಕ್ಕರೆ ಕಾಯಿಲೆ, ಹಿಂದಿನ ಆಪರೇಷನ್, ಮೂಳೆ ಸವೆತ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಿಣಿಯಾಗಿದ್ದರೆ ಆ ವಿಷಯ, ಯಾವುದನ್ನೂ ಮುಚ್ಚಿಡಬೇಡಿ. ನಂತರ ನಿಲ್ಲಿಸಿ, ನಡೆಸಿ, ಬಗ್ಗಿಸಿ ನೋಡುತ್ತಾರೆ. ಸಡಿಲವಾದ ಸಲ್ವಾರ್ ಕಮೀಝ್ ಧರಿಸಿ ಹೋದರೆ ಸಾಕು. ನೋವಿರುವ ಭಾಗವನ್ನು ಬಿಟ್ಟು ಉಳಿದದ್ದಕ್ಕೆ ಚಾದರ ಹೊದಿಸಲು ಹೇಳಬಹುದು. ಜೊತೆಗೆ ತಾಯಿ, ಸಹೋದರಿ ಅಥವಾ ಪತಿ ಇರಲಿ.

ಒತ್ತುವಾಗ ಎಳೆದಂತಾಗಿ ಸ್ವಲ್ಪ ನೋಯಬಹುದು. ಆದರೆ ಸಲೀಸಾಗಿ ಉಸಿರಾಡುತ್ತಾ ಮಾತನಾಡುವಷ್ಟು ಮಾತ್ರ. ಚುಚ್ಚಿದಂತೆ, ಕರೆಂಟ್ ಹೊಡೆದಂತೆ, ಜೋಮು ಹಿಡಿದಂತೆ ಆದರೆ ಕೂಡಲೇ "ನಿಲ್ಲಿಸಿ" ಎನ್ನಿ. ಹಾಗೆನ್ನುವುದು ನಿಮ್ಮ ಹಕ್ಕು. ಹಲ್ಲು ಕಚ್ಚಿ ತಡೆದುಕೊಂಡರೆ ಬೇಗ ಗುಣವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒಂದೆರಡು ದಿನ ಮೈಕೈ ನೋವು ಇದ್ದರೆ ಗಾಬರಿ ಬೇಡ.

ಇದು ಪವಾಡವೂ ಅಲ್ಲ. ಕೈಚಿಕಿತ್ಸೆಯಿಂದ ನೋವು ತಗ್ಗಿ ಮೈ ಸಡಿಲವಾಗಬಹುದು. ಆ ಗುಣ ಉಳಿಯಬೇಕಾದರೆ ಅವರು ಕಲಿಸುವ ವ್ಯಾಯಾಮವನ್ನು ಮನೆಯಲ್ಲಿ ಪ್ರತಿದಿನ ಮಾಡಬೇಕು. "ಮೂಳೆ ಜರುಗಿದೆ, ಒಂದೇ ಸಲಕ್ಕೆ ಕೂರಿಸುತ್ತೇನೆ" ಎನ್ನುವವರನ್ನೂ, ಎಲ್ಲ ಸರದಿಗಳ ಹಣವನ್ನು ಮುಂಗಡವಾಗಿ ಕೇಳುವವರನ್ನೂ ನಂಬುವ ಮುನ್ನ ಎರಡು ಬಾರಿ ಯೋಚಿಸಿ. ಕುತ್ತಿಗೆಯನ್ನು ಫಟ್ಟನೆ ತಿರುಗಿಸಲು ಬಿಡಬೇಡಿ. ಅಪರೂಪಕ್ಕಾದರೂ ಅದರಿಂದ ರಕ್ತನಾಳ ಹರಿದು ಪಾರ್ಶ್ವವಾಯು ಆಗುವುದುಂಟು.

ಬಿದ್ದ ಮೇಲೆ ಬಂದ ತೀವ್ರ ನೋವು, ಜ್ವರದೊಂದಿಗಿನ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವುಗಳಿದ್ದರೆ ಮೊದಲು ಡಾಕ್ಟರರ ಬಳಿಗೆ ಹೋಗಿ. ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶಜ್ಞಾನ ಹೋದರೆ, ಕಾಲಿನ ಬಲ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಿ.

ಮನೆಯವರಿಗೂ ಒಂದು ಮಾತು. ಸೊಸೆ ವ್ಯಾಯಾಮ ಮಾಡಲು ಬಾಗಿಲು ಹಾಕಿಕೊಂಡರೆ ಅದು ಸೋಮಾರಿತನವಲ್ಲ. ಆ ಇಪ್ಪತ್ತು ನಿಮಿಷ ಅಡುಗೆಮನೆಯನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ, ನೀರಿನ ಕೊಡವನ್ನು ಮಗ ಎತ್ತಲಿ. ಪ್ರವಾದಿ(ಸ)ರೂ ಮನೆಗೆಲಸದಲ್ಲಿ ನೆರವಾಗುತ್ತಿದ್ದರಲ್ಲವೇ?

ಆ ಸಹೋದರಿ ಕೊನೆಗೂ ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋದರು. ಮೂರು ತಿಂಗಳಾಯಿತು. ಸುಜೂದ್‌ಗೆ ಈಗಲೂ ಕುರ್ಚಿ ಬೇಕು. ಆದರೆ ಮೊನ್ನೆ ನಿಂತು ನಮಾಝ್ ಆರಂಭಿಸಿ, ನಿಂತೇ ರುಕೂ ಮಾಡಿದರಂತೆ. ಅಲ್‌ಹಮ್ದುಲಿಲ್ಲಾಹ್. ನಿಮ್ಮ ಮನೆಯಲ್ಲೂ ನೋವನ್ನು ಮುಚ್ಚಿಟ್ಟುಕೊಂಡವರು ಇರಬಹುದು. ಇಂದೇ ಕೇಳಿ ನೋಡಿ.