ಕೋಶದ ಕಾವಲಿಗೆ ಒಂದು ಆರ್‌ಎನ್‌ಎ

ಮಂಡ್ಯದ ಬಯಲಿನಲ್ಲಿ ಕಬ್ಬು ಹಾಕುವವರು ಬೀಜ ಬಿತ್ತುವುದಿಲ್ಲ. ಕಣ್ಣಿರುವ ತುಂಡುಗಳನ್ನು ಸಾಲಿನಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಾರೆ. ಮೊಳೆತು ಬರುವ ಪೈರು ತಾಯಿ ಕಬ್ಬಿನ ಪಡಿಯಚ್ಚು. ಮಳವಳ್ಳಿ ಕಡೆಯ ಹಿಪ್ಪುನೇರಳೆ ಕಡ್ಡಿಯದೂ ಇದೇ ಕಥೆ. ಮದ್ದೂರಿನ ತೆಂಗು ಮಾತ್ರ ಹಾಗಲ್ಲ. ಊರಿಗೇ ಹೆಸರಾದ ತಾಯಿಮರದಿಂದ ಬಿತ್ತನೆಕಾಯಿ ತಂದು ನೆಟ್ಟರೂ ಒಂದು ಮರ ಗೊನೆ ತುಂಬ ಕಾಯಿ ಬಿಡುತ್ತದೆ, ಪಕ್ಕದ್ದು ಬಿಡುವುದಿಲ್ಲ. ನೀರು, ಗೊಬ್ಬರದ ಪಾಲೂ ಇದರಲ್ಲಿದೆ, ನಿಜ. ಆದರೆ ಅಷ್ಟೇ ಅಲ್ಲ.

ಜೀವಕೋಶ ಎರಡು ಬಗೆಯಲ್ಲಿ ವಿಭಜನೆಯಾಗುತ್ತದೆ. ಮೈಟಾಸಿಸ್‌ನಲ್ಲಿ ಒಂದು ಕೋಶ ತನ್ನಂಥದೇ ಎರಡಾಗುತ್ತದೆ. ಕಬ್ಬಿನ ಕಣ್ಣು ಮೊಳೆಯುವುದು, ಮಗು ಎತ್ತರವಾಗುವುದು, ತರಚಿದ ಮೊಣಕಾಲು ಮಾಯುವುದು ಇದರಿಂದ. ಮಿಯಾಸಿಸ್ ನಡೆಯುವುದು ಪರಾಗ, ಅಂಡ, ವೀರ್ಯಾಣುಗಳು ತಯಾರಾಗುವಾಗ. ಅಲ್ಲಿ ತಂದೆ ಕಡೆಯ ಮತ್ತು ತಾಯಿ ಕಡೆಯ ವರ್ಣತಂತುಗಳು ಜೊತೆಗೂಡಿ, ತುಣುಕುಗಳನ್ನು ಅದಲುಬದಲು ಮಾಡಿಕೊಂಡು, ಕೊನೆಗೆ ಸಂಖ್ಯೆಯಲ್ಲಿ ಅರ್ಧವಾಗುತ್ತವೆ. ಅಣ್ಣನ ಮೂಗು ತಮ್ಮನಿಗೆ ಬಾರದಿರುವುದಕ್ಕೂ ಈ ಬೆರಕೆಯೇ ಕಾರಣ.

ಮೈಟಾಸಿಸ್ ಮಾಡಿಕೊಂಡಿದ್ದ ಕೋಶಕ್ಕೆ, ಇನ್ನು ಮಿಯಾಸಿಸ್‌ಗೆ ಹೊರಡು ಎಂದು ಹೇಳುವವರು ಯಾರು? ಉತ್ತರದ ಒಂದು ಭಾಗ ಸಿಕ್ಕಿದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. 1948ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಪ್ರೊ. ಎಂ.ಆರ್.ಎಸ್. ರಾವ್ ಮತ್ತು ಅವರ ವಿದ್ಯಾರ್ಥಿಗಳು ಚಿಟ್ಟಿಲಿಯ ವರ್ಣತಂತುವಿನಲ್ಲಿ ಅದಲುಬದಲು ಹೆಚ್ಚಾಗಿ ನಡೆಯುವ ಒಂದು ಜಾಗವನ್ನು ಪರೀಕ್ಷಿಸುತ್ತಿದ್ದರು. ಅದೇ ಜಾಗದಿಂದ ಸುಮಾರು 2,400 ಅಕ್ಷರ ಉದ್ದದ ಆರ್‌ಎನ್‌ಎ ಹೊರಡುತ್ತಿದೆ ಎಂದು 2004ರಲ್ಲಿ ಅವರು ಪ್ರಕಟಿಸಿದರು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು! ಆ ಆರ್‌ಎನ್‌ಎಯಿಂದ ಯಾವ ಪ್ರೋಟೀನೂ ತಯಾರಾಗುತ್ತಿರಲಿಲ್ಲ. ಅದಕ್ಕೆ 'ಎಂಆರ್‌ಎಚ್‌ಎಲ್' ಎಂದು ಹೆಸರಿಟ್ಟರು.

ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನು ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ತಪ್ಪೇನಲ್ಲ, ಆದರೆ ಅದು ಪೂರ್ತಿ ಕಥೆಯಲ್ಲ. ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನಿನ ಬರಹ ಶೇಕಡಾ 2ಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಬಹುಪಾಲನ್ನು ಒಂದು ಕಾಲದಲ್ಲಿ 'ಕಸ' ಎಂದೇ ಕರೆದರು. ಆ ಭಾಗದಿಂದಲೂ ಸಾವಿರಾರು ಆರ್‌ಎನ್‌ಎಗಳು ಹುಟ್ಟುತ್ತವೆ. ಪ್ರೋಟೀನು ಕಟ್ಟದ, 200 ಅಕ್ಷರಕ್ಕಿಂತ ಉದ್ದವಾದವುಗಳನ್ನು ಉದ್ದ ಆರ್‌ಎನ್‌ಎ ಎಂಬ ಗುಂಪಿಗೆ ಸೇರಿಸುತ್ತಾರೆ.

ಈ ಎಂಆರ್‌ಎಚ್‌ಎಲ್ ಮಾಡುವ ಕೆಲಸ 2012ರ ಹೊತ್ತಿಗೆ ಗೊತ್ತಾಯಿತು. ವೀರ್ಯಾಣುವಿನ ಮೂಲಕೋಶದಲ್ಲಿ ಅದು ಪಿ68 ಎಂಬ ಪ್ರೋಟೀನಿನ ಜೊತೆಗೂಡಿ ಕೋಶಕೇಂದ್ರದೊಳಗೆ ಇರುತ್ತದೆ. ಅದು ಇರುವವರೆಗೆ 'ವಿಂಟ್' ಎಂಬ ಸಂದೇಶದ ದಾರಿ ಬಂದ್. ಆರ್‌ಎನ್‌ಎ ಕಡಿಮೆಯಾದರೆ ಪಿ68 ಕೇಂದ್ರದಿಂದ ಹೊರಗೆ ಹೋಗುತ್ತದೆ, ವಿಂಟ್ ದಾರಿ ತೆರೆಯುತ್ತದೆ. ಹೊರಗಿನಿಂದ ವಿಂಟ್ ಸಂದೇಶ ಬಂದಾಗ ಈ ಆರ್‌ಎನ್‌ಎಯೇ ಇಳಿಯುತ್ತದೆ ಎಂಬುದೂ ಕಂಡುಬಂತು. ಆಗ ಮಿಯಾಸಿಸ್‌ಗೆ ಬೇಕಾದ ಜೀನುಗಳು ಏಳುತ್ತವೆ. ಕೆರೆಯ ತೂಬು ಎತ್ತಿದ ಹಾಗೆ! ಇದು ಇಲಿಯ ಮಾತು; ತೆಂಗಿನಲ್ಲಿ ಇದೇ ಆರ್‌ಎನ್‌ಎ ಇದೆ ಎಂದು ಯಾರೂ ತಿಳಿಯಬಾರದು. ಮನುಷ್ಯರಲ್ಲಿ ಇದನ್ನು ಹೋಲುವ ಆರ್‌ಎನ್‌ಎ ಒಂದು ಬಗೆಯ ರಕ್ತ ಕ್ಯಾನ್ಸರಿನ ಕೋಶಗಳಲ್ಲಿ ಹೆಚ್ಚಾಗಿರುವುದನ್ನು ಅದೇ ತಂಡ 2019ರಲ್ಲಿ ತೋರಿಸಿತು. ಪ್ರೊ. ರಾವ್ 2023ರಲ್ಲಿ ತೀರಿಕೊಂಡರು.

ಹಾಗೆಂದು ಪ್ರತಿ ಉದ್ದ ಆರ್‌ಎನ್‌ಎಗೂ ದೊಡ್ಡ ಹುದ್ದೆ ಕೊಡುವುದು ಅವಸರವಾದೀತು. 'ಮಲಾಟ್1' ಎಂಬುದು 2003ರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಧ್ಯಯನದಲ್ಲಿ ಸಿಕ್ಕಿತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ಕೋಶಗಳಲ್ಲಿ ಅದನ್ನು ತಗ್ಗಿಸಿದರೆ ವಿಭಜನೆಯೇ ಕೆಡುತ್ತದೆ. 2012ರಲ್ಲಿ ಬೇರೆ ಬೇರೆ ತಂಡಗಳು ಆ ಜೀನನ್ನೇ ತೆಗೆದುಹಾಕಿದ ಇಲಿಗಳನ್ನು ಬೆಳೆಸಿದವು. ಇಲಿಗಳು ಆರೋಗ್ಯವಾಗಿ ಓಡಾಡಿಕೊಂಡಿದ್ದವು, ಮರಿಯನ್ನೂ ಹಾಕಿದವು.