ಅಂಕಿತ ರಾಜ್ಯಪಾಲರದು, ಆಯ್ಕೆ ಹೈಕೋರ್ಟ್‌ನದು

ಹಾಸನ: ಕಟ್ಟಾಯ ಹೋಬಳಿಯ ರೈತ ಜಮೀನು ವ್ಯಾಜ್ಯಕ್ಕಾಗಿ ಹಾಸನದ ನ್ಯಾಯಾಲಯದ ಮೆಟ್ಟಿಲೇರುತ್ತಾನೆ. ನ್ಯಾಯಾಧೀಶರ ಹುದ್ದೆ ಖಾಲಿಯಿದ್ದರೆ ಆತನಿಗೆ ದಕ್ಕುವುದು ಮತ್ತೊಂದು ವಾಯಿದೆ. ಆ ಹುದ್ದೆ ತುಂಬುವ ಹೊಣೆ ಯಾರದು?

ಸಂವಿಧಾನದ 233ನೇ ವಿಧಿಯಂತೆ ಜಿಲ್ಲಾ ನ್ಯಾಯಾಧೀಶರನ್ನು ನೇಮಿಸುವವರು ರಾಜ್ಯಪಾಲರು. ಆದರೆ ಹೈಕೋರ್ಟ್ ಜತೆ ಸಮಾಲೋಚನೆ ಕಡ್ಡಾಯ. ಸಿವಿಲ್ ನ್ಯಾಯಾಧೀಶರ ನೇಮಕ 234ನೇ ವಿಧಿಯಡಿ ನಡೆಯುತ್ತದೆ. ಪರೀಕ್ಷೆ, ಸಂದರ್ಶನಗಳ ಮೂಲಕ ಅವರನ್ನು ಆರಿಸುವುದೂ ಹೈಕೋರ್ಟೇ. 235ನೇ ವಿಧಿಯನ್ವಯ ಅಧೀನ ನ್ಯಾಯಾಲಯಗಳ ಹತೋಟಿಯೂ ಅದರದೇ. ಹುದ್ದೆಗಳ ಮಂಜೂರಾತಿ, ಕಟ್ಟಡ, ವೇತನದ ಹಣ ಮಾತ್ರ ರಾಜ್ಯ ಸರ್ಕಾರದಿಂದ ಬರಬೇಕು.

ಸಿವಿಲ್ ನ್ಯಾಯಾಧೀಶರಾಗಲು ಮೂರು ವರ್ಷಗಳ ವಕೀಲಿಕೆ ಅಗತ್ಯವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅನುಭವಕ್ಕೆ ಮನ್ನಣೆ ದೊರೆತದ್ದು ಸರಿಯೇ. ಆದರೆ ನೇಮಕಾತಿ ಸಕಾಲದಲ್ಲಿ ನಡೆಯದಿದ್ದರೆ ಕಕ್ಷಿದಾರರಿಗೆ ಅದರಿಂದ ಪ್ರಯೋಜನವಿಲ್ಲ. ಖಾಲಿ ಹುದ್ದೆಗಾಗಿ ರಾಜಭವನವನ್ನು ದೂರಿಯೂ ಫಲವಿಲ್ಲ. ಉತ್ತರ ಹೇಳಬೇಕಾದವರು ಹೈಕೋರ್ಟ್ ಮತ್ತು ವಿಧಾನಸೌಧದಲ್ಲಿದ್ದಾರೆ.